ಅಟ್ಟದ ಕಾಯಿ ಅಳಿಸಿಹಾಕಿದ ಹೋತನವರಿಗೆ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಮಸ್ತ ತೆಂಗು ಬೆಳೆಗಾರರು, ಕೊಬ್ಬರಿ ವರ್ತಕರು ಮತ್ತು ಇವೆರಡೂ ಅಲ್ಲದೆ ಬರೀ ಚಟ್ನಿಗೆ ಕಾಯಿ ತುರಿಯುವ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಎರಡು ನಿಮಿಷಕ್ಕೆ, ತಿಪಟೂರಿನ ನಮ್ಮ ಮನೆಯ ಹಜಾರದಲ್ಲಿ, ಮನೆಮಂದಿಯೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಂತೆಯೇ ನಾಲ್ಕು ಸಾವಿರದ ಹನ್ನೆರಡು ತೆಂಗಿನಕಾಯಿಗಳು ಅಟ್ಟದಿಂದ ಮಾಯವಾದವು. ಠಾಣೆಗೆ ಹೋಗಿಲ್ಲ. ಅಟ್ಟವೂ ಕಾಯಿಗಳೂ ಟೀವಿಯೊಳಗಿದ್ದುದರಿಂದ ಪೊಲೀಸರು ಮಹಜರಿಗೆ ಯಾವ ಏಣಿ ಹಾಕಬೇಕೆಂಬ ಪ್ರಶ್ನೆ ಬರುತ್ತದೆ. ಹೀಗಾಗಿ ನೇರವಾಗಿ ಆರೋಪಿಗೇ ಬರೆಯುತ್ತಿದ್ದೇನೆ.

ಇವರಿಗೆ: ಶ್ರೀಯುತ ಬೊಂಕೋ, ಹೋತಕುಲತಿಲಕರು, ಕೆಂಪು ವಲ್ಲಿಧಾರಿಗಳು, ‘ಬೊಂಕೋ’ ಎಂಬ ವಿಡಿಯೋ ಗೇಮಿನ ಒಂದನೆಯ ಭಾಗದಿಂದ ಒಂಬತ್ತನೆಯ ಭಾಗದವರೆಗೆ ಪುನರಾಯ್ಕೆಗೊಳ್ಳುತ್ತಲೇ ಇರುವ ನಾಯಕರು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೂವತ್ತು ವರ್ಷಗಳಲ್ಲಿ ನಮ್ಮ ಮನೆಯೊಂದರಲ್ಲೇ ತಾವು ಹೊಂಡಕ್ಕೆ ಬಿದ್ದು, ಮುಳ್ಳಿನ ಮೇಲೆ ಕೂತು, ಉರುಳುವ ಬಂಡೆಯ ಕೆಳಗೆ ಚಪ್ಪಟೆಯಾಗಿ ಕಡಿಮೆಯೆಂದರೂ ಹತ್ತು ಸಾವಿರ ಸಲ ತೀರಿಕೊಂಡಿದ್ದೀರಿ. ಪ್ರತಿ ಸಲವೂ ಮೂರು ಸೆಕೆಂಡಿನೊಳಗೆ ಎದ್ದು, ಧೂಳು ಕೊಡವಿಕೊಂಡು, ಯಾರ ಮೇಲೂ ತಪ್ಪು ಹೊರಿಸದೆ ಮತ್ತೆ ಓಡಿದ್ದೀರಿ. ಇಷ್ಟು ಸಹನೆಯ ಪ್ರಾಣಿಯೊಬ್ಬರಿಗೆ ದೂರಿನ ಪತ್ರ ಬರೆಯಬೇಕಾಗಿ ಬಂದದ್ದು ನನ್ನ ದುರದೃಷ್ಟ. ನಾನು ದಯಾನಂದ, ತಿಪಟೂರಿನಲ್ಲಿ ಇನ್ವರ್ಟರ್ ಮತ್ತು ಬ್ಯಾಟರಿ ಅಂಗಡಿ ಇಟ್ಟುಕೊಂಡಿರುವವನು. ತಮಗೆ ನನ್ನ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಹೆಬ್ಬೆರಳು ಗೊತ್ತು.

ನಮ್ಮಿಬ್ಬರ ಸಂಬಂಧವನ್ನು ನೆನಪಿಸುವುದು ನನ್ನ ಕರ್ತವ್ಯ. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ತುಮಕೂರಿನಿಂದ ತಂದ, ಟೀವಿಗೆ ಜೋಡಿಸುವ ಆಟದ ಡಬ್ಬಿಯಲ್ಲಿ ತಾವು ಮೊದಲ ಸಲ ನಮ್ಮ ಮನೆಗೆ ದಯಮಾಡಿಸಿದಿರಿ. ತಾವು ಒಬ್ಬರೇ ಬಂದಿರಲಿಲ್ಲ. ತಮ್ಮ ಹಿಂದೆ ತಮ್ಮ ತಂಗಿ, ಬಿಳಿ ಮೇಕೆ ಮಿಂಕಿಯವರೂ ಇದ್ದರು. ನಮ್ಮಕ್ಕ ಸೌಂದರ್ಯ ದೊಡ್ಡವಳಾದ್ದರಿಂದ ಮೊದಲನೆಯ ರಿಮೋಟು ಹಿಡಿದು ಬೊಂಕೋ, ಅಂದರೆ ತಾವೇ, ಆದಳು. ಎರಡನೆಯ ರಿಮೋಟು ನನ್ನ ಪಾಲಿಗೆ ಬಂದು ನಾನು ಮಿಂಕಿಯಾದೆ. ಎಂಟು ಭಾಗಗಳ ಉದ್ದಕ್ಕೂ, ಮೀಸೆ ಬಂದ ಮೇಲೂ, ಮದುವೆಯಾದ ಮೇಲೂ ನಾನು ತಮ್ಮ ತಂಗಿಯಾಗಿಯೇ ಉಳಿದಿದ್ದೇನೆ, ಬಡ್ತಿ ಕೇಳಿಲ್ಲ. ತಾವು ಹೊಂಡಕ್ಕೆ ಬಿದ್ದರೆ ಮಿಂಕಿ ಅಂಚಿನಲ್ಲಿ ನಿಂತು ಹೆಗಲ ಮೇಲಿನ ವಲ್ಲಿ ಇಳಿಬಿಡಬೇಕು, ಮಿಂಕಿ ಬಿದ್ದರೆ ತಾವು ಇಳಿಬಿಡಬೇಕು. ಒಬ್ಬರು ಇನ್ನೊಬ್ಬರನ್ನು ಬಿಟ್ಟು ಮುಂದೆ ಓಡಿದರೆ ಇಬ್ಬರೂ ಸತ್ತಂತೆ. ಇದಕ್ಕಿಂತ ಕಟ್ಟುನಿಟ್ಟಾದ ಒಪ್ಪಂದ ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ.

ಅಕ್ಕನನ್ನು ಹಂದನಕೆರೆಗೆ ಕೊಟ್ಟ ಮೇಲೂ ಪದ್ಧತಿ ತಪ್ಪಲಿಲ್ಲ. ಬೇರೆಯವರ ಮನೆಯ ಹೆಣ್ಣುಮಕ್ಕಳು ಗೌರಿ ಹಬ್ಬಕ್ಕೆ ತವರಿಗೆ ಬರುತ್ತಾರೆ. ನಮ್ಮಕ್ಕ ಗೌರಿಗೆ ಬಂದರೆ ಬಂದಳು, ಬಿಟ್ಟರೆ ಬಿಟ್ಟಳು. ಆದರೆ ತಮ್ಮ ಹೊಸ ಭಾಗ ಬಂದಿತೆಂದರೆ, ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರೂ ಸರಿ, ಅರ್ಧಕ್ಕೆ ಬಿಟ್ಟು ಬಸ್ಸು ಹತ್ತುತ್ತಿದ್ದಳು. ಗೌರಮ್ಮನಿಗೆ ಸಲ್ಲುವ ಗೌರವವನ್ನು ಹೀಗೆ ಹೋತವೊಂದಕ್ಕೆ ಸಲ್ಲಿಸುತ್ತ ಬಂದ ಮನೆತನ ನಮ್ಮದು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಈ ಸಲದ ಆಗಮನಕ್ಕೆ ಒಂದು ವಿಶೇಷವಿತ್ತು. ಹತ್ತು ತಿಂಗಳ ಹಿಂದೆ ನಮ್ಮ ಹೊಸ ಮನೆಯ ಗೃಹಪ್ರವೇಶದ ಪತ್ರಿಕೆಯಲ್ಲಿ, ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಕಡೆ ಇಪ್ಪತ್ನಾಲ್ಕು ಹೆಸರುಗಳನ್ನು ಹಾಕಿಸಿದ ನಾನು ಅಕ್ಕನ ಗಂಡ ಮಲ್ಲೇಶ್ ಭಾವನವರ ಹೆಸರನ್ನು ಬಿಟ್ಟುಬಿಟ್ಟಿದ್ದೆ. ಅಕ್ಕ ಬಂದಳು, ಉಂಡಳು, ಎಲೆ ಮಡಚಿದಳು, ಹೊರಟಳು. ಭಾವ ಬರಲೇ ಇಲ್ಲ. ಅಂದಿನಿಂದ ಫೋನ್ ಮಾಡಿದರೆ ‘ಹೂಂ’ ಅಥವಾ ‘ಊಹೂಂ’, ಇವೆರಡರಲ್ಲೇ ಮಾತು ಮುಗಿಯುತ್ತಿತ್ತು. ಹೀಗಿರುವಾಗ ತಮ್ಮ ಒಂಬತ್ತನೆಯ ಭಾಗ ‘ತೆಂಗಿನ ದ್ವೀಪ’ ಬಿಡುಗಡೆಯಾಯಿತು. ತೆಂಗು ಎಂಬ ಹೆಸರು ಕೇಳಿ ಇದು ನಮಗೋಸ್ಕರವೇ ಬಂದದ್ದೆಂದು ತಿಳಿದು, ಧೈರ್ಯ ತಂದುಕೊಂಡು ಫೋನ್ ಮಾಡಿದೆ. ಅಕ್ಕ, “ಬತ್ತೀನಿ. ಬೊಂಕೋಗೆ ಬತ್ತಿರಾದು, ನಿನಗಲ್ಲ,” ಎಂದಳು. ಒಡಹುಟ್ಟಿದ ತಮ್ಮನಾದ ನನಗಿಂತ ತಮಗೆ ಹೆಚ್ಚಿನ ಪ್ರಭಾವವಿದೆಯೆಂದು ಅಂದೇ ಒಪ್ಪಿಕೊಂಡೆ. ಆದ್ದರಿಂದಲೇ ತಾವು ಮಾಡಿದ ಘನಕಾರ್ಯ ನನ್ನನ್ನು ಇಷ್ಟು ತಟ್ಟಿತು.

ಗುರುವಾರ ಮಧ್ಯಾಹ್ನ ಅಕ್ಕ ತನ್ನ ಮಗಳು ಇಂಪನಾಳನ್ನು ಕರೆದುಕೊಂಡು ಬಂದಳು. ಮರುದಿನ ಸಂಜೆಯ ಬಸ್ಸಿಗೆ ವಾಪಸ್ಸೆಂದು ಚಪ್ಪಲಿ ಬಿಡುವ ಮುಂಚೆಯೇ ಸಾರಿದಳು. ನಾನು ಎರಡೂ ರಿಮೋಟುಗಳನ್ನು ಒರೆಸಿ, ಒಂದನ್ನು ಅವಳ ಕೈಗಿತ್ತು, ಇನ್ನೊಂದನ್ನು ಹಿಡಿದು ಕೂತೆ. ತಾವು ಪರದೆಯ ಮೇಲೆ ಬಂದಿರಿ, ಪ್ಯಾಂಟು ಹಾಕಿಕೊಂಡು. ಅದಿರಲಿ, ವಯಸ್ಸಾಯಿತು, ಚಳಿ. ಮಿಂಕಿ ಎಲ್ಲಿ ಎಂದು ನಾನು ಎಲ್ಲ ಗುಂಡಿಗಳನ್ನೂ ಒತ್ತಿ ಹುಡುಕಿದೆ. ಕೊನೆಗೆ ತಮ್ಮ ಗುಡಿಸಲಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಪಟವಾಗಿ ಸಿಕ್ಕಿದರು. ಅದರ ಕೆಳಗಿದ್ದ ಇಂಗ್ಲಿಷನ್ನು ಇಂಪನಾ ಓದಿ, “ಮಿಂಕಿ ಪಟ್ಟಣದಲ್ಲಿ ನೆಲೆಸಿದಾಳಂತೆ ಮಾವ. ಈ ಭಾಗ ಒಬ್ಬರೇ ಆಡೋದು,” ಎಂದಳು. ಎರಡನೆಯ ರಿಮೋಟು ನನ್ನ ತೊಡೆಯ ಮೇಲೆ ಬೆಳಕಿಲ್ಲದೆ ಕೂತಿತ್ತು. ನಾನು ಮೂವತ್ತು ವರ್ಷ ನಿರ್ವಹಿಸಿದ ಹುದ್ದೆಯನ್ನು ಒಂದು ನೋಟಿಸನ್ನೂ ಕೊಡದೆ ರದ್ದು ಮಾಡಿದ ತಮ್ಮ ಆಡಳಿತ ದಕ್ಷತೆಯನ್ನು ಮೆಚ್ಚಲೇಬೇಕು. ಈಗ ತಾವು ಹೊಂಡಕ್ಕೆ ಬಿದ್ದರೆ ಒಂದು ಮೋಡ ಬಂದು, ಯಾರೂ ಕೇಳದಿದ್ದರೂ, ಎತ್ತಿ ದಡ ಸೇರಿಸುತ್ತದೆ. ಅಷ್ಟು ಅನುಕೂಲವಿದ್ದ ಮೇಲೆ ಒಡಹುಟ್ಟಿದವರು ಯಾಕೆ ಬೇಕು, ಅದೂ ಸರಿಯೇ.

ಇನ್ನುಳಿದ ಸುಧಾರಣೆಗಳ ಬಗ್ಗೆಯೂ ಕೃತಜ್ಞತೆ ಸಲ್ಲಿಸುತ್ತೇನೆ. ಮೊದಲ ನಲವತ್ತು ನಿಮಿಷ ಮುದಿ ನರಿಯೊಂದು ನಮಗೆ ನಡೆಯುವುದು ಹೇಗೆಂದು ಕಲಿಸಿತು. ಎಂಟು ಭಾಗ ನಡೆದು ಮುಗಿಸಿದವರಿಗೆ ಈ ಪಾಠ ಬಹಳ ಉಪಯುಕ್ತವಾಯಿತು. ಮೊದಲೆಲ್ಲ ಗುಂಡಿ ಒತ್ತಿದೊಡನೆ ಹಾರುತ್ತಿದ್ದ ತಾವು ಈಗ ಒತ್ತಿದ ಮೇಲೆ ಸ್ವಲ್ಪ ಆಲೋಚಿಸಿ, ಸಾಧಕ ಬಾಧಕಗಳನ್ನು ತೂಗಿ, ಅನಂತರ ಹಾರುತ್ತೀರಿ. ಅಷ್ಟರಲ್ಲಿ ಹೊಂಡ ಬಂದಿರುತ್ತದೆ. ಇನ್ನು ತೆಂಗಿನ ಮರಗಳು. ತಮ್ಮ ದ್ವೀಪದ ತೆಂಗಿನ ಮರಗಳಿಗೆ ಕೊಂಬೆಗಳಿವೆ. ತಾವು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತೀರಿ. ಇದನ್ನು ನೋಡಿದ ನನ್ನ ತಾಯಿ ಮೀನಾಕ್ಷಮ್ಮನವರು, ಎಪ್ಪತ್ತೆರಡು ವರ್ಷವನ್ನು ತೆಂಗಿನ ನೆರಳಲ್ಲೇ ಕಳೆದವರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಹಲಸಿನ ಮರಕ್ಕೆ ಕಾಯಿ ಕಟ್ಟವ್ರೆ ಕಣಪ್ಪ. ಪಾಪ, ಯಾರೋ ಹೇಳ್ದೋರನ್ನ ಕೇಳ್ಕಂಡು ಬರ್ದವ್ರೆ,” ಎಂದರು. ಆ ಮರಕ್ಕೆ ತಾವು ಹಣೆಯಿಂದ ಒಂದು ಗುದ್ದು ಕೊಟ್ಟರೆ ನಲವತ್ತು ಕಾಯಿ ಉದುರುತ್ತವೆ. ದೋಟಿ ಬೇಡ, ಮರ ಹತ್ತುವವರು ಬೇಡ, ಅವರು ‘ನಾಳೆ ಬತ್ತೀನಿ’ ಎಂದು ಹದಿನೈದು ದಿನ ಸತಾಯಿಸುವ ಕಾಟವೂ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ತಾವು ನಮ್ಮ ಕಡೆಗೆ ಬಂದು ತರಬೇತಿ ಕೊಡಬೇಕೆಂದು ಮನಃಪೂರ್ವಕವಾಗಿ ಕೋರುತ್ತೇನೆ.

ಈಗ ಅಟ್ಟದ ವಿಷಯ. ತಮ್ಮ ಗುಡಿಸಲಿಗೆ ಒಂದು ಅಟ್ಟವನ್ನು ಬರೆದಿದ್ದಾರೆ. ಏಣಿ ಇದೆ, ಅಟ್ಟದ ಬಾಯಿ ಇದೆ, ಒಳಗೆ ಕಾಯಿ ಪೇರಿಸುವ ಜಾಗವಿದೆ. ಉದುರಿದ ಕಾಯಿಗಳನ್ನು ಆಗಿಂದಾಗ್ಗೆ ಒಡೆದರೆ ತಮಗೆ ಶಕ್ತಿ ಬರುತ್ತದೆ, ಹೊಳೆ ಕಾಯುವ ದೈತ್ಯ ಏಡಿಗೆ ಐವತ್ತು ಕಾಯಿ ಎಸೆದರೆ ಅದು ದಾರಿ ಬಿಡುತ್ತದೆ ಎಂದು ನರಿ ಹೇಳಿತು. ಆದರೆ ಅಟ್ಟ ಕಂಡ ಕೂಡಲೇ ಅಕ್ಕ ನೆಟ್ಟಗೆ ಕೂತಳು. ತಮ್ಮ ಒಂಬತ್ತು ಭಾಗಗಳಲ್ಲೇ ಮೊದಲ ಸಲ ಯಾರೋ ತಿಳಿದವರು ಕೈಹಾಕಿದ್ದಾರೆ ಎಂಬ ಸಂತೋಷ ಅವಳ ಮುಖದಲ್ಲಿ ಕಾಣಿಸಿತು.

“ಹಸಿಕಾಯಿನ ಏಡಿಗೆ ಸುರಿಯಕೆ ನಮಗೇನು ತಲೆ ಕೆಟ್ಟೈತಾ? ಅಟ್ಟಕ್ಕೆ ಹಾಕು. ಹನ್ನೊಂದು ತಿಂಗಳು ಬುಟ್ರೆ ಉಂಡೆ ಕೊಬ್ಬರಿ ಆಯ್ತದೆ. ಆಮೇಲೆ ಐತೆ ಏಡಿಗೆ.”

ಹೊರಗಿನ ಓದುಗರಿಗಾಗಿ ಒಂದು ಮಾತು. ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಒಡೆಯುವುದಿಲ್ಲ, ಸುಲಿಯುವುದೂ ಇಲ್ಲ. ಮೇಲಿನ ನಾರುಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಮರೆತವರಂತೆ ಇದ್ದುಬಿಡುತ್ತೇವೆ. ವರ್ಷಕ್ಕೊಂದು ತಿಂಗಳು ಕಡಿಮೆ ಇರುವಾಗ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಇದು ಗೊತ್ತಿದ್ದವರಿಗೆ ಅಟ್ಟವೆಂದರೆ ಒಂದೇ ಅರ್ಥ. ನನಗೂ ಅದೇ ಅರ್ಥವಾಯಿತು. “ಹೂಂ ಕಣಕ್ಕ, ಅದೇ ಇರ್ಬೇಕು,” ಎಂದೆ. ಹತ್ತು ತಿಂಗಳಲ್ಲಿ ನಾವಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು. ಅದೂ ಶುದ್ಧ ತಪ್ಪಾಗಿತ್ತು ಎಂಬುದು ಬೇರೆ ವಿಷಯ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅಟ್ಟದಲ್ಲಿ ನಾಲ್ಕು ಸಾವಿರದ ಹನ್ನೆರಡು ಕಾಯಿಗಳು ಕೂತಿದ್ದವು. ಅಷ್ಟರಲ್ಲಿ ಒಂದು ಕಾಯಿಯನ್ನೂ ಖರ್ಚು ಮಾಡದ ಕಾರಣ ಏಡಿ ತಮ್ಮನ್ನು ಹತ್ತೊಂಬತ್ತು ಸಲ ಕೊಂದಿತ್ತು. ತಮ್ಮ ದ್ವೀಪದಲ್ಲಿ ಒಂದು ಹಗಲು ಒಂದು ಇರುಳು ಸೇರಿ ಹನ್ನೆರಡು ನಿಮಿಷವೆಂದು ಇಂಪನಾ ಗಮನಿಸಿದಳು. ಹನ್ನೊಂದು ತಿಂಗಳಿಗೆ ಅರುವತ್ತಾರು ಗಂಟೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಶುರುವಾದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಟ್ಟ ಇಳಿಸಬಹುದು. ಕರೆಂಟು ಹೋದರೆ ಎಂಬ ಚಿಂತೆ ಬ್ಯಾಟರಿ ಅಂಗಡಿಯವನ ಮನೆಯಲ್ಲಿ ಬರಕೂಡದು. ತೊಡಕು ಒಂದೇ: ಇಪ್ಪತ್ತು ನಿಮಿಷ ಯಾರೂ ಗುಂಡಿ ಒತ್ತದಿದ್ದರೆ ತಾವು ನಿದ್ದೆಹೋಗುತ್ತೀರಿ, ದ್ವೀಪದ ಗಡಿಯಾರ ನಿಂತುಬಿಡುತ್ತದೆ. ಆದ್ದರಿಂದ ಯಾರಾದರೂ ಪಕ್ಕದಲ್ಲಿ ಕೂತು ತಮ್ಮನ್ನು ಆಗಾಗ ತಿವಿಯುತ್ತಿರಬೇಕು. ಅಕ್ಕ ಗೋಡೆ ಗಡಿಯಾರ ನೋಡಿದಳು, ಬಸ್ಸಿನ ಹೊತ್ತಾಗಿತ್ತು. “ಕಾಯಿ ಅಟ್ಟದ ಮೇಲೆ ಹಾಕಿ ಹೆಂಗ್ಲಾ ಬುಟ್ಟು ಹೋಗಾದು,” ಎಂದು ಬ್ಯಾಗನ್ನು ಒಳಗಿಟ್ಟಳು.

ಪಾಳಿ ಹಾಕಿಕೊಂಡೆವು. ರಾತ್ರಿ ಪಾಳಿಯನ್ನು ಗುಂಡಿಗೆ ಬಿಗಿದ ಒಂದು ರಬ್ಬರ್ ಬ್ಯಾಂಡಿಗೆ ವಹಿಸಿದೆವು. ಹಗಲಿಗೂ ಅದೇ ಸಾಕಲ್ಲವೇ ಎಂದು ಇಂಪನಾ ಎರಡು ಸಲ ಕೇಳಿದಳು. ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ.

ಶನಿವಾರ ಅಂಗಡಿಯನ್ನು ನನ್ನ ಹೆಂಡತಿಗೆ ಒಪ್ಪಿಸಿ ಅಕ್ಕನ ಪಕ್ಕದಲ್ಲಿ ಕೂತೆ. ತಾವು ಅಟ್ಟದಿಂದ ಒಂದು ಕಾಯಿ ತೆಗೆದು ಅಲ್ಲಾಡಿಸಿದರೆ ರಿಮೋಟು ನಡುಗುತ್ತದೆ. ಅಕ್ಕ ರಿಮೋಟನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೇಳಿ, “ಇನ್ನೂ ನೀರೈತೆ,” ಎಂದು ಅಮ್ಮನಿಗೆ ಕೊಟ್ಟಳು. ಅಮ್ಮನೂ ಕೇಳಿ ಅನುಮೋದಿಸಿದರು. ಕಾಯಿ ಒಣಗುವುದನ್ನು ಕಾಯುವಾಗ ಮಾಡಲು ಬೇರೆ ಕೆಲಸವಿಲ್ಲದಿರುವುದರಿಂದ ಮನಸ್ಸಿನಲ್ಲಿರುವುದು ಹೊರಬರುತ್ತದೆ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು:

“ಅವರ ಹೆಸರು ಯಾಕ್ಲಾ ಬುಟ್ಟೆ?”

ಪ್ರೆಸ್ಸಿನವನು ಇಪ್ಪತ್ನಾಲ್ಕಕ್ಕಿಂತ ಹೆಚ್ಚು ಹೆಸರು ಹಿಡಿಸುವುದಿಲ್ಲ ಎಂದಿದ್ದ. ಯಾರನ್ನು ಬಿಟ್ಟರೆ ಯಾರು ಮುನಿಸಿಕೊಳ್ಳುತ್ತಾರೆಂದು ಒಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಅದನ್ನೇ ಹೇಳಿದೆ. “ಭಾವ ನಮ್ಮೋರು, ಬೇಜಾರು ಮಾಡ್ಕಳಲ್ಲ ಅಂದ್ಕಂಡೆ ಕಣಕ್ಕ.”

“ನಮ್ಮೋರೇ ಕಣ್ಲಾ ಬೇಜಾರು ಮಾಡ್ಕಳಾದು. ಬೇರೆಯೋರಿಗೇನು, ಹೋಳಿಗೆ ಬಿಸಿ ಇದ್ರೆ ಸಾಕು.”

ತಮ್ಮನ್ನು ಒಮ್ಮೆ ತಿವಿದೆ. ತಾವು ಎದ್ದು, ಆಕಳಿಸಿ, ಹೊಟ್ಟೆ ಕೆರೆದುಕೊಂಡಿರಿ. “ತಪ್ಪಾಯ್ತಕ್ಕ,” ಎಂದೆ. ಅಕ್ಕ ‘ಹೂಂ’ ಎನ್ನಲಿಲ್ಲ, ‘ಊಹೂಂ’ ಎನ್ನಲಿಲ್ಲ. “ನನಗೆ ಹೇಳಿ ಏನಾಗ್ಬೇಕು, ಅವರಿಗೆ ಹೇಳು,” ಎಂದಳು. ಹೇಳುವುದು ಹೇಗೆ, ಅವರು ನನ್ನ ಫೋನನ್ನೇ ಎತ್ತುವುದಿಲ್ಲ.

ಭಾನುವಾರ ಮಧ್ಯಾಹ್ನ ಭಾವನೇ ಅಕ್ಕನಿಗೆ ಫೋನ್ ಮಾಡಿದರು. ಶುಕ್ರವಾರ ಬರುತ್ತೇನೆಂದವಳು ಎಲ್ಲಿ ಎಂದು ಕೇಳಿದರು. ಅಕ್ಕ ಕೊಬ್ಬರಿಗೆ ಕಾಯಿ ಹಾಕಿದ್ದೇವೆ, ಬರಲಾಗುವುದಿಲ್ಲ ಎಂದಳು. ತೋಟವಿಲ್ಲದ ಮನೆಯಲ್ಲಿ ಎಲ್ಲಿಯ ಕೊಬ್ಬರಿ ಎಂದು ಅವರಿಗೆ ದಿಗಿಲಾಯಿತು. ಇಂಪನಾ ಫೋನ್ ಕಸಿದುಕೊಂಡು ಎಲ್ಲವನ್ನೂ ವಿವರಿಸಿದಳು. ನಗುತ್ತಾರೆಂದು ನಾನು ಕಾದೆ. ಭಾವ ಹಂದನಕೆರೆಯಲ್ಲಿ ಮೂರು ಅಟ್ಟಗಳ ಒಡೆಯರು, ಕೊಬ್ಬರಿ ವಿಷಯದಲ್ಲಿ ಈವರೆಗೆ ನಕ್ಕವರಲ್ಲ.

“ಎಷ್ಟು ತಿಂಗಳಾಗೈತೆ?”

“ಏಳು ತಿಂಗಳು ಹತ್ತು ದಿನ ಅಪ್ಪಾಜಿ.”

“ಹಂಗಾರೆ ಯಾರೂ ಮುಟ್ಬೇಡಿ. ಸೂರು ಸೋರ್ತದಾ ನೋಡ್ಕಳಿ. ಇಳಿಸಾ ಹೊತ್ಗೆ ನಾನೇ ಬತ್ತೀನಿ, ನಿಮ್ಮ ಮಾವಂಗೆ ಅದೆಲ್ಲ ಗೊತ್ತಾಗಕಿಲ್ಲ.”

ಸೋಮವಾರ ಮೊದಲ ಬಸ್ಸಿಗೇ ಬಂದರು, ಕಂಕುಳಲ್ಲಿ ಎರಡು ಗೋಣಿಚೀಲ ಮಡಚಿಕೊಂಡು. ಅಭ್ಯಾಸಬಲ. ಅವರು ನಮ್ಮ ಹೊಸ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ನಾನು ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಆ ಚೀಲಗಳನ್ನು ಕಂಡು ಚದುರಿಹೋದವು. “ಪತ್ರಿಕೆ ವಿಷಯ, ಭಾವ,” ಎಂದಷ್ಟೇ ಅಂದೆ. ಅವರು ಕೈ ಎತ್ತಿ, “ಮೊದ್ಲು ಅಟ್ಟ,” ಎಂದು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಅಮ್ಮ ಕಾಫಿ ತಂದಿಟ್ಟರು. ಹತ್ತು ಗಂಟೆಗೆ ಅಕ್ಕ ತಮ್ಮನ್ನು ಏಣಿಯ ಮೇಲೆ ಹತ್ತಿಸಿದಳು. ತಾವು ನಿಧಾನವಾಗಿ, ಸಾಧಕ ಬಾಧಕ ತೂಗುತ್ತ ಹತ್ತಿದಿರಿ. ಅಟ್ಟದ ಬಾಗಿಲು ತೆರೆಯಿತು.

ಒಳಗೆ ಏನೂ ಇರಲಿಲ್ಲ. ಗುಡಿಸಿ ಸಾರಿಸಿದ ಹಾಗೆ ಹಲಗೆ ಹೊಳೆಯುತ್ತಿತ್ತು. ನಡುವೆ ಒಂದು ಪೊರಕೆ, ಒಂದು ನಗುವ ಚಿಹ್ನೆ, ನಾಲ್ಕು ಸಾಲು ಇಂಗ್ಲಿಷು. ಇಂಪನಾ ಒಂದೊಂದೇ ಪದವಾಗಿ ಓದಿದಳು: “ಇಲ್ಲಿದ್ದ ಕಾಯಿಗಳು ಹನ್ನೊಂದು ತಿಂಗಳು ಹಳೆಯವಾಗಿದ್ದರಿಂದ ಸ್ವಚ್ಛಗೊಳಿಸಲಾಗಿದೆ. ತಾಜಾ ಕಾಯಿ ಕೀಳಲು ಹೊರಡಿ.”

ಅಮ್ಮ ಲೋಟ ಕೆಳಗಿಟ್ಟರು. “ಹಳೇದಾಗ್ಲಿ ಅಂತ್ಲೇ ಅಲ್ವೇನ್ಲಾ ಇಟ್ಟಿದ್ದು?”

ಭಾವ ಗೋಣಿಚೀಲಗಳನ್ನು ಪಕ್ಕಕ್ಕೆ ಸರಿಸಿದರು. “ಇವ್ರಿಗೆ ಅಟ್ಟ ಬರಿಯಾಕೆ ಬತ್ತದೆ ದಯಾನಂದ. ಅಟ್ಟ ಯಾಕಿರ್ತದೆ ಅಂತ ಗೊತ್ತಿಲ್ಲ,” ಎಂದರು. ಹತ್ತು ತಿಂಗಳ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಬಂದದ್ದು ಹೀಗೆ, ತಮ್ಮನ್ನು ಬೈಯುವ ನೆಪದಲ್ಲಿ. ಆಮೇಲೆ ಮಧ್ಯಾಹ್ನದ ಊಟದವರೆಗೂ ಮನೆಮಂದಿಯೆಲ್ಲ ಸೇರಿ ತಮ್ಮ ಪ್ಯಾಂಟು, ತಮ್ಮ ಮೋಡ, ತಮ್ಮ ನರಿ, ತಮ್ಮ ಕೊಂಬೆಯ ತೆಂಗು ಒಂದನ್ನೂ ಬಿಡದೆ ಉಗಿದೆವು. ಪತ್ರಿಕೆಯ ವಿಷಯ ನಾನು ಎರಡನೆಯ ಸಲ ಎತ್ತಿದಾಗ ಭಾವ ಮುದ್ದೆ ಮುರಿಯುತ್ತ, “ತಪ್ಪು ತಪ್ಪೇ. ಅದು ನಿನ್ನ ಮೇಲಿರ್ಲಿ. ಆದ್ರೆ ಆ ಹೋತಂದು ಅದಕ್ಕಿಂತ ದೊಡ್ಡದು ಬುಡು,” ಎಂದರು. ಅಕ್ಕ ಅವರ ಸಾರಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು, ನನ್ನದಕ್ಕೂ ಹಾಕಿದಳು.

ಆದ್ದರಿಂದ ಮಾನ್ಯರೇ, ಈ ದೂರಿನ ಜೊತೆಗೆ ಒಂದು ಧನ್ಯವಾದವನ್ನೂ ಲಗತ್ತಿಸುತ್ತಿದ್ದೇನೆ. ತಮ್ಮ ಒಂಬತ್ತನೆಯ ಭಾಗ ಇಷ್ಟು ಕೆಟ್ಟದಾಗಿರದಿದ್ದರೆ ಅಕ್ಕ ಶುಕ್ರವಾರದ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಸ್ವಲ್ಪ ಕೆಟ್ಟಿದ್ದರೂ ಸಾಲದು, ಪೂರ್ತಿ ಕೆಟ್ಟೇ ಆಗಬೇಕಿತ್ತು. ತಾವು ಎಲ್ಲಿಯೂ ಕೊರತೆ ಮಾಡಲಿಲ್ಲ. ಆದರೂ ಪರಿಹಾರ ಕೇಳದೆ ಬಿಡುವವನಲ್ಲ. ಆ ನಾಲ್ಕು ಸಾವಿರದ ಹನ್ನೆರಡು ಕಾಯಿಗಳನ್ನು ಉಂಡೆ ಕೊಬ್ಬರಿಯ ರೂಪದಲ್ಲೇ ಹಿಂತಿರುಗಿಸತಕ್ಕದ್ದು, ಹಸಿಕಾಯಿ ಸ್ವೀಕರಿಸಲಾಗುವುದಿಲ್ಲ. ಆಟ ಬರೆದವರೆಲ್ಲ ಹಂದನಕೆರೆಗೆ ಬಂದು ಭಾವನವರ ಯಾವುದಾದರೊಂದು ಅಟ್ಟದಲ್ಲಿ ಹನ್ನೊಂದು ತಿಂಗಳು ಸುಮ್ಮನೆ ಕೂತುಹೋಗಬೇಕು, ಆಮೇಲೆ ಅಲ್ಲಾಡಿಸಿ ನೋಡುತ್ತೇವೆ. ಮಿಂಕಿಯವರನ್ನು ಪಟ್ಟಣದಿಂದ ಕರೆಸಿಕೊಳ್ಳಬೇಕು. ಮೋಡವನ್ನು ಮಳೆ ಬರುವ ಕಡೆ ವರ್ಗ ಮಾಡಬೇಕು.

ಎಷ್ಟು ಸಲ ಬಿದ್ದರೂ ಎದ್ದು ನಿಲ್ಲುವುದನ್ನು ತಮ್ಮಿಂದಲೇ ಕಲಿತ, ಅದರಿಂದಾಗಿ ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,

ದಯಾನಂದ
ತಿಪಟೂರು

ತಾ.ಕ. ತಮ್ಮ ಹತ್ತನೆಯ ಭಾಗ ರಾಗಿ ಹೊಲದಲ್ಲಿ ನಡೆಯಲಿದೆ ಎಂಬ ಗಾಳಿಸುದ್ದಿ ಇಂಪನಾಳ ಫೋನಿಗೆ ಬಂದಿದೆ. ಸಂತೋಷ. ಆದರೆ ತೆನೆ ಬಂದ ಹೊಲಕ್ಕೆ ನುಗ್ಗಿದ ಹೋತವನ್ನು ಚಿಕ್ಕನಾಯಕನಹಳ್ಳಿ ಕಡೆ ಹೇಗೆ ಸತ್ಕರಿಸುತ್ತಾರೆ, ಆ ಸತ್ಕಾರದಲ್ಲಿ ಮಸಾಲೆಯ ಪಾತ್ರವೇನು ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡು ಬರುವುದು ಒಳ್ಳೆಯದು.

ಇನ್ನೊಂದು ತಾ.ಕ., ಇದು ಹೋತನವರಿಗಲ್ಲ, ಈ ಪತ್ರ ಓದುತ್ತಿರುವ ತಮಗೆ. ಅಪ್ಪ ತಂದ ಹಳೆಯ ಡಬ್ಬಿ ಇನ್ನೂ ಕೆಲಸ ಮಾಡುತ್ತಿದೆ, ಮೂರನೆಯ ಭಾಗದ ಕ್ಯಾಸೆಟ್ಟು ಎರಡು ಸಲ ಊದಿದರೆ ಓಡುತ್ತದೆ. ಅಕ್ಕ, ಭಾವ ಇಬ್ಬರೂ ಮುಂದಿನ ತಿಂಗಳ ಎರಡನೆಯ ಭಾನುವಾರ ಬರುತ್ತೇವೆಂದು ಒಪ್ಪಿದ್ದಾರೆ. ಆದರೆ ಅದರ ಎರಡನೆಯ ರಿಮೋಟಿನ ವೈರನ್ನು ಇಲಿ ಕಡಿದುಹಾಕಿದೆ, ಒಂದೇ ರಿಮೋಟಾದರೆ ಬರುವುದಿಲ್ಲವೆಂದು ಅಕ್ಕ ಖಂಡಿತವಾಗಿ ಹೇಳಿದ್ದಾಳೆ. ಆ ಕಾಲದ, ಒಂಬತ್ತು ತೂತಿನ ಪಿನ್ನಿನ ರಿಮೋಟು ತಮ್ಮ ಮನೆಯ ಹಳೆಯ ಟ್ರಂಕಿನಲ್ಲೋ ಬೀರುವಿನ ಮೇಲೋ ಬಿದ್ದಿದ್ದರೆ ದಯವಿಟ್ಟು ನಮ್ಮ ಅಂಗಡಿಗೆ ತಲುಪಿಸಿ. ಹಾರುವ ಗುಂಡಿಯೊಂದು ನೆಟ್ಟಗಿದ್ದರೆ ಸಾಕು, ಉಳಿದದ್ದನ್ನು ನಾನೇ ಬೆಸುಗೆ ಹಾಕಿಕೊಳ್ಳುತ್ತೇನೆ. ಆ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆಯೇ ಅಕ್ಕ ಫೋನ್ ಮಾಡಿ “ಸಿಕ್ತೇನ್ಲಾ?” ಎಂದು ಕೇಳುತ್ತಾಳೆ, ಆದ್ದರಿಂದ ಶುಕ್ರವಾರ ಸಂಜೆಯೊಳಗೆ ಕೊಟ್ಟರೆ ಅನುಕೂಲ.